ಬಿಟ್ಟುಹೋದ ಕುರಿಯ ತೊಡೆ

ಫಾರಸಿಯ ಹಳೆಯ ಕವಿ ಉಮರ್ ಖಯ್ಯಾಮನ ಪದ್ಯಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು ಒಂದು: ಮರದ ಕೊಂಬೆಯ ಕೆಳಗೆ ಕವಿತೆಯ ಪುಸ್ತಕ, ಒಂದು ಹೂಜಿ ಮಧು, ಒಂದು ರೊಟ್ಟಿ, ಪಕ್ಕದಲ್ಲಿ ಹಾಡುತ್ತಿರುವ ನೀನು. ಇದರ ಹಿಂದಿರುವ ಫಾರಸಿ ರುಬಾಯಿಯನ್ನು (ನಾಲ್ಕು ಸಾಲಿನ ಪದ್ಯವನ್ನು) ನೋಡಿದರೆ ಅಲ್ಲಿ ಗೋಧಿಯ ರೊಟ್ಟಿಯಿದೆ, ಎರಡು ಮಣ ಮದ್ಯವಿದೆ (ಆ ಮಣ ನಮ್ಮ ಮಣಕ್ಕೆ ಹೆಸರಿನಲ್ಲಿ ಮಾತ್ರ ನೆಂಟ, ತೂಕದಲ್ಲಿ ಬಹಳ ಹಗುರ), ಪಾಳುಜಾಗದಲ್ಲಿ ಜೊತೆಗೆ ಕುಳಿತ ಚೆಲುವೆಯಿದ್ದಾಳೆ, ಒಂದು ಕುರಿಯ ತೊಡೆಯೂ ಇದೆ. ಪುಸ್ತಕವಿಲ್ಲ. ಪುಸ್ತಕ ಇರುವುದು ಇದೇ ಜಾಡಿನ ಇನ್ನೊಂದು ರುಬಾಯಿಯಲ್ಲಿ. ಎರಡನ್ನೂ ಬೆಸೆದು, ಮರದ ನೆರಳನ್ನು ತಾನೇ ಸೇರಿಸಿ, ಮಾಂಸವನ್ನು ಸದ್ದಿಲ್ಲದೆ ಕೈಬಿಟ್ಟವನು ಉಮರನನ್ನು ಇಂಗ್ಲಿಷಿಗೆ ತಂದ, ಇಂಗ್ಲೆಂಡಿನ ಸಫೋಕ್ ಸೀಮೆಯ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್. ಅವನು ಬಹುಮಟ್ಟಿಗೆ ಸಸ್ಯಾಹಾರಿಯಾಗಿದ್ದ ಎಂಬುದು ನೆನಪಾದಾಗಲೆಲ್ಲ ನನಗೆ ನಗು ಬರುತ್ತದೆ. ಕಾರಣ ಅದೇ ಎಂದು ಆಣೆ ಮಾಡಿ ಹೇಳಲಾರೆ.

ನಾನು ಉಮರನನ್ನು ಮೊದಲು ಕಂಡದ್ದು ಡಿ.ವಿ. ಗುಂಡಪ್ಪನವರ 'ಉಮರನ ಒಸಗೆ'ಯಲ್ಲಿ. ಅದು ಫಿಟ್ಜ್‌ಜೆರಾಲ್ಡನ ಇಂಗ್ಲಿಷಿನಿಂದ ಬಂದದ್ದಾದ್ದರಿಂದ ಆ ಕುರಿಯ ತೊಡೆ ಕನ್ನಡಕ್ಕೆ ಬರುವ ದಾರಿಯೇ ಇರಲಿಲ್ಲ. ನಾವು ಉಮರನೆಂದು ಒಪ್ಪಿಕೊಂಡವನಲ್ಲಿ ಫಿಟ್ಜ್‌ಜೆರಾಲ್ಡನ ಪಾಲೆಷ್ಟು ಎಂಬ ಪ್ರಶ್ನೆ ಹಾಗೆ ನಮ್ಮ ಮನೆಯ ಪ್ರಶ್ನೆಯೂ ಆಗುತ್ತದೆ.

ಫಿಟ್ಜ್‌ಜೆರಾಲ್ಡ್ ಹುಟ್ಟಿದ್ದು 1809ರಲ್ಲಿ, ಭಾರಿ ಶ್ರೀಮಂತರ ಮನೆಯಲ್ಲಿ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿದ. ಕಾದಂಬರಿಕಾರ ಠಾಕರೆ, ಕವಿ ಟೆನಿಸನ್ ಅವರಂಥವರು ಸ್ನೇಹಿತರಾದರು. ಹೊಟ್ಟೆಪಾಡಿಗಾಗಿ ದುಡಿಯುವ ಅಗತ್ಯ ಅವನಿಗೆ ಎಂದೂ ಬರಲಿಲ್ಲ, ಅವನು ದುಡಿಯಲೂ ಇಲ್ಲ. ಬರವಣಿಗೆಯ ಬದುಕಿಗೆ ತಿರುವು ಕೊಟ್ಟವನು ವಯಸ್ಸಿನಲ್ಲಿ ಅವನಿಗಿಂತ ಬಹಳ ಕಿರಿಯನಾದ ಎಡ್ವರ್ಡ್ ಕೋವೆಲ್ ಎಂಬ ಪಂಡಿತ. ನಲವತ್ತು ದಾಟಿದ ಫಿಟ್ಜ್‌ಜೆರಾಲ್ಡನಿಗೆ ಫಾರಸಿಯ ಅಕ್ಷರ ಕಲಿಸಿದವನು ಅವನೇ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ 158 ರುಬಾಯಿಗಳ ಹಳೆಯ ಹಸ್ತಪ್ರತಿಯೊಂದು ಕೋವೆಲನ ಕಣ್ಣಿಗೆ ಬಿತ್ತು. ಅದರ ನಕಲನ್ನು ಗೆಳೆಯನ ಕೈಗಿಟ್ಟು, 1856ರಲ್ಲಿ ಅವನು ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕನಾಗಿ ಕಲ್ಕತ್ತೆಗೆ ಹಡಗು ಹತ್ತಿದ.

ಆ ವರ್ಷವೇ ನವೆಂಬರ್ ತಿಂಗಳಲ್ಲಿ ಫಿಟ್ಜ್‌ಜೆರಾಲ್ಡ್ ತೀರಿಹೋದ ಸ್ನೇಹಿತನೊಬ್ಬನ ಮಗಳು ಲೂಸಿ ಬಾರ್ಟನ್‌ಳನ್ನು ಮದುವೆಯಾದ. ಕೆಲವೇ ತಿಂಗಳಲ್ಲಿ ಗಂಡ ಹೆಂಡತಿ ಬೇರೆಯಾದರು. ಒಂದೆಡೆ ಮುರಿದ ಸಂಸಾರ, ಇನ್ನೊಂದೆಡೆ ಸಮುದ್ರದಾಚೆಗೆ ಹೋದ ಗುರು. 1857ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪ್ರತಿಯಿಂದ ಇನ್ನಷ್ಟು ರುಬಾಯಿಗಳ ನಕಲು ಅಂಚೆಯಲ್ಲಿ ಬಂತು. ಅವನು ಮೊದಲು ಅವುಗಳಲ್ಲಿ ಕೆಲವನ್ನು ಇಂಗ್ಲಿಷಿಗಲ್ಲ, ಹಳೆಯ ಸನ್ಯಾಸಿಗಳು ಬರೆಯುತ್ತಿದ್ದಂಥ ಲ್ಯಾಟಿನ್ನಿಗೆ ತಿರುಗಿಸಿದ, ಆಮೇಲೆ ಇಂಗ್ಲಿಷ್. ಸಂದೇಹ ಬಂದಾಗಲೆಲ್ಲ ಕಲ್ಕತ್ತೆಗೆ ಕಾಗದ. ಈ ಕಾಗದಗಳನ್ನು ಓದಿದ ಮೇಲೆ ನನಗೆ, ಆ ಕಾವ್ಯವನ್ನು ಅವನು ಬರೆದದ್ದು ಓದುಗರಿಗಿಂತ ಹೆಚ್ಚಾಗಿ ದೂರವಾದ ಗೆಳೆಯನೊಬ್ಬನ ಜೊತೆ ಮಾತು ಮುಂದುವರಿಸಲಿಕ್ಕಾಗಿ ಎಂದೇ ಅನ್ನಿಸುತ್ತದೆ. ದೈವಭಕ್ತನಾದ ಕೋವೆಲನಿಗೆ ಮಾತ್ರ ತಾನು ಪರಿಚಯಿಸಿದ ಉಮರನ ನಾಸ್ತಿಕತೆ ಕೊನೆಯವರೆಗೂ ಮುಜುಗರದ ವಿಷಯವಾಗಿಯೇ ಉಳಿಯಿತು.

ಈ ಕಾಗದಗಳಲ್ಲೇ ನನ್ನ ತಕರಾರಿನ ಮೂಲವೂ ಇದೆ. ಫಾರಸಿಯವರ ಜೊತೆ ಬೇಕಾದ ಸಲಿಗೆ ತೆಗೆದುಕೊಳ್ಳುವುದು ತನಗೊಂದು ವಿನೋದ, ತನ್ನನ್ನು ಹೆದರಿಸಿ ತಡೆಯುವಷ್ಟು ದೊಡ್ಡ ಕವಿಗಳು ಅವರಲ್ಲ, ಅವರಿಗೆ ಆಕಾರ ಕೊಡಲು ಸ್ವಲ್ಪ ಕಲೆಯ ಅಗತ್ಯವಿದೆ ಎಂದು ಅವನು 1857ರಲ್ಲಿ ಬರೆದ. ಇದನ್ನು ವಸಾಹತುಶಾಹಿಯ ಸೊಕ್ಕು ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಬಹಳ. ನಾನು ಅಷ್ಟು ಬೇಗ ಮುಗಿಸಲಾರೆ, ಏಕೆಂದರೆ ಸ್ಪೇನಿನ ಕಾಲ್ಡೆರಾನನ ನಾಟಕಗಳನ್ನೂ ಗ್ರೀಕರ ಈಸ್ಕಿಲಸನ 'ಅಗಮೆಮ್ನಾನ್' ನಾಟಕವನ್ನೂ ಅವನು ಇದೇ ಕತ್ತರಿಯಿಂದ ಕತ್ತರಿಸಿದ್ದಾನೆ. ಆದರೆ ಈಸ್ಕಿಲಸನ ಮುಂದೆ ಅವನು ತನ್ನ ಕೆಲಸವನ್ನು ವಿಕೃತಿ ಎಂದು ತಾನೇ ಗೇಲಿ ಮಾಡಿಕೊಂಡು ಕೈಮುಗಿಯುತ್ತಾನೆ. ಫಾರಸಿಯವರ ಮುಂದೆ ಮೀಸೆ ತಿರುವುತ್ತಾನೆ. ಕತ್ತರಿ ಒಂದೇ, ಭಯ ಮಾತ್ರ ಬೇರೆ ಬೇರೆ. ಅವನು ತೆಗೆದುಕೊಂಡ ಸ್ವಾತಂತ್ರ್ಯ ನನಗೆ ಒಪ್ಪಿಗೆ, ಅದಕ್ಕೆ ಕೊಟ್ಟ ಕಾರಣ ಒಪ್ಪಿಗೆಯಿಲ್ಲ. ಸತ್ತ ಹದ್ದಿಗೆ ಹುಲ್ಲು ತುಂಬಿ ನಿಲ್ಲಿಸುವುದಕ್ಕಿಂತ ಜೀವಂತ ಗುಬ್ಬಚ್ಚಿ ಮೇಲು ಎಂಬ ಅವನ ಮಾತನ್ನು ನಮ್ಮ ಅನುವಾದದ ಗೋಷ್ಠಿಗಳಲ್ಲಿ ಉದ್ಧರಿಸುವವರು ಈ ಇನ್ನೊಂದು ಮಾತನ್ನೂ ಜೊತೆಗೆ ಓದಬೇಕು.

ಸಲಿಗೆ ಎಷ್ಟಿತ್ತು ಎಂಬುದಕ್ಕೆ ಲೆಕ್ಕವೂ ಇದೆ. 1899ರಲ್ಲಿ ಎಡ್ವರ್ಡ್ ಹೆರನ್-ಆಲನ್ ಎಂಬ ವಿದ್ವಾಂಸ ಇಂಗ್ಲಿಷ್ ಪದ್ಯಗಳನ್ನು ಫಾರಸಿಯ ಮೂಲಗಳ ಜೊತೆ ಒಂದೊಂದಾಗಿ ತಾಳೆ ನೋಡಿದಾಗ, 49 ಪದ್ಯಗಳು ಒಂದೊಂದೇ ರುಬಾಯಿಯ ನಿಷ್ಠೆಯ ಭಾವಾನುವಾದಗಳಾಗಿದ್ದವು, 44 ಒಂದಕ್ಕಿಂತ ಹೆಚ್ಚು ರುಬಾಯಿಗಳನ್ನು ಹೊಸೆದವಾಗಿದ್ದವು. ಫಾರಸಿಯ ಬೇರೆ ಕವಿಗಳಾದ ಅತ್ತಾರ್ ಮತ್ತು ಹಾಫಿಜರಿಂದ ಬಂದವೂ ಕೆಲವಿದ್ದವು. ಪೂರಾ ಸ್ವಂತದ್ದು ಎನ್ನುವಂಥವು ಬೆರಳೆಣಿಕೆಯಷ್ಟೇ. ಬಿಡಿಬಿಡಿಯಾದ ರುಬಾಯಿಗಳನ್ನು ಬೆಳಗಿನಿಂದ ರಾತ್ರಿಯವರೆಗಿನ ಒಂದು ದಿನದ ಓಟವಾಗಿ ಜೋಡಿಸಿದ ಕಟ್ಟಡ ಮಾತ್ರ ಸಂಪೂರ್ಣ ಅವನದು.

ಇಷ್ಟೆಲ್ಲ ಮಾಡಿದವನು ತನ್ನ ಹೆಸರನ್ನು ಹಾಕಿಕೊಳ್ಳಲಿಲ್ಲ. ಕಾಲ್ಡೆರಾನನ ಅನುವಾದಕ್ಕೆ ಹೆಸರು ಹಾಕಿ ವಿಮರ್ಶಕರಿಂದ ಬೈಸಿಕೊಂಡಿದ್ದ. ಒಂದು ಪತ್ರಿಕೆ ಕೆಲವು ಪದ್ಯಗಳನ್ನು ತರಿಸಿಕೊಂಡು ವರ್ಷದ ಕಾಲ ಸುಮ್ಮನೆ ಇಟ್ಟುಕೊಂಡ ಮೇಲೆ, 1859ರಲ್ಲಿ ಸ್ವಂತ ಖರ್ಚಿನಲ್ಲಿ 75 ಪದ್ಯಗಳ ಪುಸ್ತಿಕೆಯ 250 ಪ್ರತಿ ಅಚ್ಚು ಹಾಕಿಸಿದ. ಕೊಳ್ಳುವವರಿಲ್ಲದೆ ಅದು ಲಂಡನ್ನಿನ ಪುಸ್ತಕ ವ್ಯಾಪಾರಿ ಕ್ವಾರಿಚ್‌ನ ಅಂಗಡಿಯಲ್ಲಿ ಒಂದು ಪೆನ್ನಿಯ ಡಬ್ಬಿಗೆ ಬಿತ್ತು. 1861ರಲ್ಲಿ ಅಲ್ಲಿಂದ ಅದು ವಿದ್ವಾಂಸ ವಿಟ್ಲಿ ಸ್ಟೋಕ್ಸ್, ಕವಿಗಳಾದ ರೊಸೆಟ್ಟಿ, ಸ್ವಿನ್‌ಬರ್ನ್ ಅವರ ಕೈ ಸೇರಿತು. ಕೆಲಸಕ್ಕಾಗಿ ಮದರಾಸಿಗೆ ಬಂದ ಸ್ಟೋಕ್ಸ್ 1862ರಲ್ಲಿ ಅಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ, ಖಾಸಗಿಯಾಗಿ ಅದನ್ನು ಮುದ್ರಿಸಿದ.

1863ರಲ್ಲಿ ಕಲಾವಿಮರ್ಶಕ ರಸ್ಕಿನ್ ಅದನ್ನು ಓದಿ, 'ಉಮರನ ಅನುವಾದಕರಿಗೆ' ಎಂಬ ವಿಳಾಸವಷ್ಟೇ ಇದ್ದ ಕಾಗದವೊಂದನ್ನು ಬರೆದು ಚಿತ್ರಕಾರ ಬರ್ನ್-ಜೋನ್ಸ್‌ನ ಕೈಗೆ ಕೊಟ್ಟ. ಅದು ಫಿಟ್ಜ್‌ಜೆರಾಲ್ಡನನ್ನು ತಲುಪಿದ್ದು 1873ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಅವನು ಮೂರನೆಯ ಆವೃತ್ತಿಗಾಗಿ ಆ ಪ್ರಸಿದ್ಧ ಪದ್ಯವನ್ನು ತಿದ್ದಿ, ಅಲ್ಲಿಯವರೆಗೆ ಮೊದಲ ಸಾಲಿನಲ್ಲಿದ್ದ ರೊಟ್ಟಿಯನ್ನು ಕೆಳಗಿಳಿಸಿ ಪುಸ್ತಕವನ್ನು ಮೇಲಕ್ಕೆ ತಂದಿದ್ದ. ರಸ್ಕಿನ್ ಆ ಕಾಗದದಲ್ಲಿ ಬೇಡಿಕೊಂಡದ್ದು ಮಾತ್ರ ಇನ್ನಷ್ಟು ಉಮರನನ್ನು ಹುಡುಕಿ ಅನುವಾದಿಸಿಕೊಡಿ ಎಂದು.