ಅಣುಬಾಂಬಿನ ಹೆದರಿಕೆ ಯುದ್ಧ ತಡೆಯುತ್ತದೆಯೇ? ಪರ-ವಿರೋಧ

ಪರ: ಹೆದರಿಕೆ ಎರಡೂ ಕಡೆ ಇರಲಿ

(ನೌಕಾಪಡೆಯ ನಿವೃತ್ತ ನಾವಿಕರೊಬ್ಬರ ಪತ್ನಿ, ಕೋಡಿಬಾಗ, ಕಾರವಾರ)

ತಡೆಯುತ್ತದೆ. ಎಂಬತ್ತು ವರ್ಷಗಳಿಂದ ತಡೆದುಕೊಂಡೇ ಬಂದಿದೆ.

1914ರಿಂದ 1945ರ ನಡುವೆ ದೊಡ್ಡ ದೇಶಗಳು ಎರಡು ಸಲ ನೇರವಾಗಿ ಹೊಡೆದಾಡಿದವು. ಕೋಟಿಗಟ್ಟಲೆ ಜನ ಸತ್ತರು. 1945ರ ಆಗಸ್ಟ್‌ನಲ್ಲಿ ಹಿರೋಷಿಮಾ, ನಾಗಸಾಕಿ ಸುಟ್ಟುಹೋದವು. ಆಮೇಲೆ ಅಮೆರಿಕ ಮತ್ತು ರಷ್ಯಾ ಒಬ್ಬರ ಮೇಲೊಬ್ಬರು ಯುದ್ಧ ಸಾರಿಲ್ಲ. ಜಗಳಕ್ಕೆ ಕಾರಣ ಇರಲಿಲ್ಲ ಅಂತಲ್ಲ. ಬರ್ಲಿನ್ ಇತ್ತು, ಕ್ಯೂಬಾ ಇತ್ತು, ಈಗ ಉಕ್ರೇನ್ ಇದೆ. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾದ ವಿಷಯಕ್ಕೆ ಇನ್ನೇನು ಆಗೇಹೋಯಿತು ಅನ್ನುವ ಮಟ್ಟಕ್ಕೆ ಬಂದಿತ್ತು. ಕೊನೆಗೆ ಸೋವಿಯತ್ ನಾಯಕ ಕ್ರುಶ್ಚೇವ್ ಕ್ಯೂಬಾದಿಂದ ಕ್ಷಿಪಣಿ ವಾಪಸ್ ತೆಗೆದರು. ಅಮೆರಿಕದ ಅಧ್ಯಕ್ಷ ಕೆನಡಿ ಟರ್ಕಿಯಲ್ಲಿದ್ದ ತಮ್ಮ ಕ್ಷಿಪಣಿ ತೆಗೆಯಲು ಸದ್ದಿಲ್ಲದೆ ಒಪ್ಪಿದರು. ಇಬ್ಬರೂ ಸಾಧುಗಳು ಅಂತ ಹೀಗಾಯಿತೇ? ಇಬ್ಬರಿಗೂ ಹೆದರಿಕೆ ಇತ್ತು. ಅಷ್ಟೇ.

ಹೆದರಿಕೆ ಒಂದೇ ಕಡೆ ಇದ್ದರೆ ಏನಾಗುತ್ತದೆ ನೋಡಿ. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನ್ ನೆಲದಲ್ಲಿ ಜಗತ್ತಿನ ಮೂರನೇ ಅತಿ ದೊಡ್ಡ ಅಣ್ವಸ್ತ್ರ ಸಂಗ್ರಹ ಇತ್ತು. 1994ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಸಹಿ ಹಾಕಿದರು. ನಿಮ್ಮ ಗಡಿಯನ್ನು ಗೌರವಿಸುತ್ತೇವೆ ಅಂದರು. ಉಕ್ರೇನ್ ನಂಬಿತು, ಎಲ್ಲವನ್ನೂ ರಷ್ಯಾಕ್ಕೆ ಕಳಿಸಿತು. 2014ರಲ್ಲಿ ಕ್ರಿಮಿಯಾವನ್ನು ರಷ್ಯಾ ಕಿತ್ತುಕೊಂಡಿತು. 2022ರ ಫೆಬ್ರವರಿಯಲ್ಲಿ ಟ್ಯಾಂಕುಗಳು ಕೀವ್ ಹತ್ತಿರ ಬಂದವು. ಲಿಬಿಯಾದ ಗಡಾಫಿ 2003ರಲ್ಲಿ ಬಾಂಬಿನ ಆಸೆ ಬಿಟ್ಟರು. 2011ರಲ್ಲಿ ಅವರ ಗತಿ ಏನಾಯಿತು ಅಂತ ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಉತ್ತರ ಕೊರಿಯಾ ಮಾತ್ರ 2006ರಲ್ಲಿ ಬಾಂಬ್ ಪರೀಕ್ಷೆ ಮಾಡಿತು. ಆ ದೇಶದ ಆಳ್ವಿಕೆ ನನಗೆ ಒಂದಿಷ್ಟೂ ಹಿಡಿಸುವುದಿಲ್ಲ. ಆದರೆ ಅಲ್ಲಿಗೆ ಸೈನ್ಯ ನುಗ್ಗಿಸುವ ಧೈರ್ಯ ಯಾರಿಗೂ ಬಂದಿಲ್ಲ.

ನಮಗೂ ಈ ಪಾಠ ಆಗಿದೆ. 1971ರ ಡಿಸೆಂಬರ್‌ನಲ್ಲಿ ಬಾಂಗ್ಲಾ ಯುದ್ಧ ನಡೆಯುವಾಗ ಅಮೆರಿಕ ತನ್ನ ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿತು. ಚೀನಾ 1964ರಲ್ಲೇ ಬಾಂಬ್ ಪರೀಕ್ಷೆ ಮುಗಿಸಿತ್ತು. ನಮ್ಮ ಕೈಯಲ್ಲಿ ಏನೂ ಇರಲಿಲ್ಲ. 1974ರ ಪೋಖ್ರಾನ್ ಸುಮ್ನೆ ಆದದ್ದಲ್ಲ.

ಇದೆಲ್ಲ ಪತ್ರಿಕೆಯಲ್ಲಿ ಓದಿದ್ದು. ಆದರೆ ನನ್ನನ್ನು ಪೂರ್ತಿ ಒಪ್ಪಿಸಿದ್ದು ನಮ್ಮ ಮನೆಯಲ್ಲಿ ನಡೆದದ್ದು.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಆಯಿತು. ಆಪರೇಷನ್ ಪರಾಕ್ರಮ್ ಶುರುವಾಯಿತು. ಗಡಿಯ ಎರಡೂ ಕಡೆ ಲಕ್ಷಗಟ್ಟಲೆ ಸೈನಿಕರು ಬಂದು ನಿಂತರು. ನಮ್ಮ ಯಜಮಾನರು ಆಗ ಹಡಗೊಂದರ ಇಂಜಿನ್ ರೂಮಿನಲ್ಲಿದ್ದರು. ಕಾರವಾರದ ನೆಲೆ ಇನ್ನೂ ಕಟ್ಟುತ್ತಿದ್ದ ಕಾಲ. ಐಎನ್‌ಎಸ್ ಕದಂಬ ಎಂಬ ಆ ನೆಲೆ ಶುರುವಾದದ್ದು 2005ರಲ್ಲಿ. ಹಾಗಾಗಿ ಅವರು ಮುಂಬೈಯಲ್ಲಿ, ನಾನು ಅತ್ತೆ, ಮಾವ, ಸಣ್ಣ ಮಗಳ ಜೊತೆ ಇಲ್ಲಿ. ಹಡಗು ಎಲ್ಲಿದೆ ಅಂತ ಅವರು ಹೇಳುವಂತಿಲ್ಲ, ನಾವು ಕೇಳುವಂತಿಲ್ಲ. ಬಂದರಿಗೆ ಬಂದಾಗ ನಮ್ಮ ಓಣಿಯ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡುತ್ತಿದ್ದರು. ಅಂಗಡಿಯವರ ಮಗ ಓಡಿಬಂದು ಕರೆಯುತ್ತಿದ್ದ. "ಊಟ ಆಯ್ತಾ? ಮಗು ಹೇಗಿದೆ?" ಇಷ್ಟೇ ಮಾತು.

2002ರ ಮೇನಲ್ಲಿ ಜಮ್ಮುವಿನ ಕಾಲೂಚಕ್‌ನಲ್ಲಿ ಉಗ್ರರು ಸೈನಿಕರ ಹೆಂಡತಿ ಮಕ್ಕಳನ್ನೇ ಕೊಂದರು. ಅತ್ತೆ ಎದ್ದು ಟಿವಿ ಆರಿಸಿಬಿಟ್ಟರು. ಇನ್ನು ಯುದ್ಧ ತಪ್ಪಿದ್ದಲ್ಲ ಅಂತ ಮಾವ ಹೇಳಿದರು. ಸಿಟ್ಟು ನನಗೂ ಬಂದಿತ್ತು. ನುಗ್ಗಿ ಹೊಡೆಯಲಿ ಅನಿಸುತ್ತಿತ್ತು. ಮರುಕ್ಷಣವೇ ಇಂಜಿನ್ ರೂಮ್ ಕಣ್ಣಮುಂದೆ ಬರುತ್ತಿತ್ತು. ಹಡಗಿಗೆ ಟಾರ್ಪೆಡೊ ಬಿದ್ದರೆ ಕೆಳಗಿನ ಡೆಕ್‌ನಲ್ಲಿದ್ದವರು ಮೇಲೆ ಬರುವುದು ಕಷ್ಟ. 1971ರಲ್ಲಿ ಯುದ್ಧನೌಕೆ ಖುಕ್ರಿ ಮುಳುಗಿದ ಸಂಗತಿ ನೌಕಾಪಡೆಯ ಪ್ರತಿ ಮನೆಗೂ ಗೊತ್ತು. ಬೈತಖೋಲದಿಂದ ಮೀನು ತರುವ ಹೆಂಗಸು ಕೂಡ ಬುಟ್ಟಿ ಇಳಿಸುವ ಮೊದಲೇ "ಅಕ್ಕಾ, ಫೋನ್ ಬಂತಾ?" ಅಂತ ಕೇಳುತ್ತಿದ್ದಳು.

ಯುದ್ಧ ಆಗಲಿಲ್ಲ. ಅಕ್ಟೋಬರ್‌ನಲ್ಲಿ ಸೈನ್ಯ ಹಿಂದೆ ಸರಿಯಿತು. ದೀಪಾವಳಿಗೆ ಅವರು ಮನೆಗೆ ಬಂದರು. ಅಷ್ಟು ಸೈನ್ಯ, ಅಷ್ಟು ಸಿಟ್ಟು ಇದ್ದೂ ಯಾಕೆ ಯುದ್ಧ ಆಗಲಿಲ್ಲ ಅಂತ ಕೇಳಿದೆ. "ಅವರ ಹತ್ತಿರವೂ ಇದೆ, ನಮ್ಮ ಹತ್ತಿರವೂ ಇದೆ. ಶುರು ಮಾಡುವವನಿಗೆ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿರಬೇಕಲ್ಲ?" ಅಂದರು. ನನ್ನ ಮಗಳಿಗೆ ಅಪ್ಪ ಉಳಿದದ್ದು ಈ ಲೆಕ್ಕಾಚಾರದಿಂದ. ಯಾರು ಏನೇ ವಾದ ಮಾಡಲಿ, ಇದನ್ನು ನನ್ನ ಮನಸ್ಸಿನಿಂದ ತೆಗೆಯಲು ಆಗುವುದಿಲ್ಲ.

1999ರಲ್ಲಿ ಕಾರ್ಗಿಲ್ ಆಯಿತಲ್ಲ ಅನ್ನಬಹುದು. ಆಯಿತು. ಆದರೆ ಕಾರ್ಗಿಲ್‌ನಲ್ಲೇ ನಿಂತಿತು. ನಿಯಂತ್ರಣ ರೇಖೆ ದಾಟಬೇಡಿ ಅಂತ ನಮ್ಮ ವಾಯುಪಡೆಗೆ ಆದೇಶ ಇತ್ತು. 1965, 1971ರ ಹಾಗೆ ಪಂಜಾಬಿಗೆ, ರಾಜಸ್ಥಾನಕ್ಕೆ ಹರಡಲಿಲ್ಲ. 2025ರ ಮೇನಲ್ಲೂ ಭಾರತ, ಪಾಕಿಸ್ತಾನದ ಹೊಡೆದಾಟ ನಾಲ್ಕೇ ದಿನಕ್ಕೆ ಮುಗಿಯಿತು.

ಬಾಂಬ್ ಬೇಡ ಅನ್ನುವವರು ಯಾವಾಗಲೂ ಆಕಸ್ಮಿಕದ ಮಾತು ತೆಗೆಯುತ್ತಾರೆ. ಕಂಪ್ಯೂಟರ್ ತಪ್ಪು ಹೇಳಿತು, ಯಾರೋ ಗುಂಡಿ ಒತ್ತಿಬಿಡುತ್ತಿದ್ದರು ಅಂತ. ಒತ್ತಲಿಲ್ಲ ತಾನೇ? ಅವರ ಪ್ರಕಾರ ಸೈನ್ಯದಲ್ಲಿರುವವರೆಲ್ಲ ಯುದ್ಧಕ್ಕೆ ಹಾತೊರೆಯುವವರು. ಹಾಗಲ್ಲ ಅಂತ ಸೈನಿಕರ ಮನೆಯವರಿಗೆ ಗೊತ್ತು.

ಇನ್ನು ಟ್ರಂಪ್, ಪುಟಿನ್ ಅವರ ಆರ್ಭಟ. ಅವರು ಮಾತನಾಡುವ ಧಾಟಿ ನನಗೂ ಇಷ್ಟವಿಲ್ಲ. ಆದರೆ ತೋರಿಸದ ಶಕ್ತಿಗೆ ಯಾರೂ ಹೆದರುವುದಿಲ್ಲ. ನಮ್ಮ ದೇಶದ ರೀತಿ ನನಗೆ ಸರಿ ಕಾಣುತ್ತದೆ. ನಾವು ಮೊದಲು ಹೊಡೆಯುವುದಿಲ್ಲ ಅಂತ 2003ರಲ್ಲೇ ಬರೆದು ಹೇಳಿದ್ದೇವೆ. ಹೊಡೆದರೆ ಬಿಡುವುದಿಲ್ಲ ಅಂತಲೂ ಹೇಳಿದ್ದೇವೆ. ಎರಡನೇ ಮಾತನ್ನು ಶತ್ರು ನಂಬಬೇಕಾದರೆ ಅವನ ಮೊದಲ ಏಟಿಗೆ ಸಿಗದ ಅಸ್ತ್ರ ನಮ್ಮಲ್ಲಿರಬೇಕು. ಅದಕ್ಕೇ ಅಣು ಜಲಾಂತರ್ಗಾಮಿ ಅರಿಹಂತ್ ಬಂತು, 2024ರ ಆಗಸ್ಟ್‌ನಲ್ಲಿ ಅರಿಘಾತ್ ಬಂತು. ನೀರಿನಡಿಯಲ್ಲಿ ಎಲ್ಲಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಜಲಾಂತರ್ಗಾಮಿಗಳು ಇನ್ನೂ ಬರಲಿ, ಬೇಗ ಬರಲಿ.

ವಿರೋಧ: ಎಷ್ಟು ಸಲ ಅದೃಷ್ಟ ಕೈಹಿಡಿಯುತ್ತದೆ?

(ಭೌತಶಾಸ್ತ್ರ ಅಧ್ಯಾಪಕರು, ಶಿರಸಿ)

ವಿರೋಧದ ಕಡೆಯಿಂದ ಬರೆಯಿರಿ ಅಂತ ನನ್ನನ್ನು ಕೇಳಿದ್ದಾರೆ. ಭಾರತ ನಾಳೆಯೇ ತನ್ನ ಅಣ್ವಸ್ತ್ರ ಬಿಟ್ಟುಬಿಡಲಿ ಅಂತ ನಾನು ಹೇಳುವವನಲ್ಲ. ಪಕ್ಕದಲ್ಲಿ ಚೀನಾ ಇಟ್ಟುಕೊಂಡು ಹಾಗೆ ಹೇಳಲು ಧೈರ್ಯ ಬರುವುದಿಲ್ಲ. ಆದರೆ ಹೆದರಿಕೆಯೇ ಶಾಂತಿ ಕಾಯುತ್ತದೆ ಎಂಬ ನಂಬಿಕೆ ತಪ್ಪು, ಅಪಾಯ ಕೂಡ. ಅಷ್ಟು ಮಟ್ಟಿಗೆ ಇದು ನನ್ನದೇ ಮಾತು.

1983ರ ಸೆಪ್ಟೆಂಬರ್ 26. ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಅಂತ ಸೋವಿಯತ್ ಉಪಗ್ರಹ ವ್ಯವಸ್ಥೆ ಹೇಳಿತು. ಪಾಳಿಯಲ್ಲಿದ್ದವರು ಸ್ಟಾನಿಸ್ಲಾವ್ ಪೆಟ್ರೋವ್. ನಿಜವಾದ ದಾಳಿಯಾದರೆ ಐದೇ ಯಾಕೆ ಬರುತ್ತವೆ ಅಂತ ಅವರು ಯೋಚಿಸಿದರು. ಸುಳ್ಳು ಎಚ್ಚರಿಕೆ ಅಂತ ಮೇಲಿನವರಿಗೆ ತಿಳಿಸಿದರು. ಉಪಗ್ರಹಕ್ಕೆ ಕಂಡದ್ದು ಮೋಡದ ಮೇಲೆ ಹೊಳೆದ ಬಿಸಿಲು. ಆ ರಾತ್ರಿ ಬೇರೆ ಯಾರಾದರೂ ಪಾಳಿಯಲ್ಲಿದ್ದಿದ್ದರೆ? 1962ರ ಕ್ಯೂಬಾ ಬಿಕ್ಕಟ್ಟಿನಲ್ಲೂ ಹಾಗೇ. ಸೋವಿಯತ್‌ನ ಬಿ-59 ಜಲಾಂತರ್ಗಾಮಿಯಲ್ಲಿ ಅಣು ಟಾರ್ಪೆಡೊ ಇತ್ತು. ಹೊಡೆಯಲು ಹೊರಟ ಕ್ಯಾಪ್ಟನ್‌ನನ್ನು ವಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ತಡೆದರು ಅಂತ ಜೊತೆಗಿದ್ದವರು ಹೇಳಿದ್ದಾರೆ. ಹೆದರಿಸುವ ಲೆಕ್ಕಾಚಾರ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಉಳಿಸಿದ್ದು ಒಬ್ಬೊಬ್ಬ ಮನುಷ್ಯನ ತಲೆ.

ನಮ್ಮಲ್ಲೂ ಆಗಿದೆ. 2022ರ ಮಾರ್ಚ್ 9ರಂದು ನಮ್ಮ ಬ್ರಹ್ಮೋಸ್ ಕ್ಷಿಪಣಿ ತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಯಾರೂ ಸಾಯಲಿಲ್ಲ. ಮೂವರು ಅಧಿಕಾರಿಗಳನ್ನು ಸರ್ಕಾರ ವಜಾ ಮಾಡಿತು. ಎರಡೂ ದೇಶ ಸಿಟ್ಟಿನಲ್ಲಿರುವ ದಿನ ಇದೇ ಆಗಿದ್ದರೆ ಏನು ಗತಿ? ಅಮೆರಿಕ, ರಷ್ಯಾದ ನಡುವೆ ಕ್ಷಿಪಣಿ ಹಾರಿ ಬರಲು ಸುಮಾರು ಅರ್ಧ ಗಂಟೆ ಬೇಕು. ನಮ್ಮಿಬ್ಬರ ನಡುವೆ ಕೆಲವೇ ನಿಮಿಷ.

ಬಾಂಬ್ ಇದ್ದರೆ ಶಾಂತಿ ಅನ್ನುವವರಿಗೆ ಒಂದು ಪ್ರಶ್ನೆ. ಇದು ನಿಜವಾದರೆ ವಿಶ್ವಸಂಸ್ಥೆಯ 193 ದೇಶಗಳಿಗೂ ಒಂದೊಂದು ಬಾಂಬ್ ಹಂಚಿಬಿಡೋಣವೇ?

ಈಗಿನ ದೊಡ್ಡವರ ನಡವಳಿಕೆ ನೋಡಿ. 2024ರ ನವೆಂಬರ್‌ನಲ್ಲಿ ರಷ್ಯಾ ಅಣ್ವಸ್ತ್ರ ಬಳಕೆಯ ನಿಯಮ ಸಡಿಲಿಸಿತು. ಅದೇ ವಾರ ಅಣುಬಾಂಬ್ ಹೊರಬಲ್ಲ ಒರೆಶ್ನಿಕ್ ಕ್ಷಿಪಣಿಯನ್ನು ಉಕ್ರೇನಿನ ನಿಪ್ರೊ ನಗರದ ಮೇಲೆ ಹಾರಿಸಿತು. 2025ರ ಆಗಸ್ಟ್‌ನಲ್ಲಿ ರಷ್ಯಾದ ಮಾಜಿ ಅಧ್ಯಕ್ಷ ಮೆಡ್ವೆಡೆವ್ ಏನೋ ಅಂದರು ಅಂತ ಟ್ರಂಪ್ ಎರಡು ಅಣು ಜಲಾಂತರ್ಗಾಮಿಗಳನ್ನು ಮುಂದೆ ತರಲು ಹೇಳಿದರು. ಅಕ್ಟೋಬರ್‌ನಲ್ಲಿ ಅಣ್ವಸ್ತ್ರ ಪರೀಕ್ಷೆ ಮತ್ತೆ ಶುರು ಮಾಡಿ ಅಂದರು. ಸಾಮಾಜಿಕ ಜಾಲತಾಣದಲ್ಲಿ ಬರೆದು! ಇನ್ನೊಂದು ಕಡೆ, ಅಮೆರಿಕ, ರಷ್ಯಾ ಇಬ್ಬರನ್ನೂ ಹಾರಿಸಲು ಸಿದ್ಧವಾಗಿಟ್ಟ ತಲಾ 1550 ಸಿಡಿತಲೆಗಳಿಗೆ ಕಟ್ಟಿಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿ 2026ರ ಫೆಬ್ರವರಿ 5ರ ತನಕ ಮಾತ್ರ ಇತ್ತು. ಒಬ್ಬರ ನೆಲೆಗೆ ಇನ್ನೊಬ್ಬರು ಹೋಗಿ ಎಣಿಸಿ ನೋಡುವ ಏರ್ಪಾಡು 2020ರಲ್ಲೇ ನಿಂತಿತ್ತು. ಜಗತ್ತಿನ ಸುಮಾರು 12,000 ಸಿಡಿತಲೆಗಳಲ್ಲಿ ಹೆಚ್ಚುಕಡಿಮೆ ಶೇಕಡಾ 90 ಇವರಿಬ್ಬರ ಬಳಿಯೇ ಇದೆ.

ಶಿರಸಿಯಲ್ಲಿ ಕೂತವರಿಗೆ ಇದು ದೂರದ ವಿಷಯ ಅನಿಸಬಹುದು. ಆದರೆ ಹಿರೋಷಿಮಾ ಗಾತ್ರದ 100 ಬಾಂಬುಗಳು ಊರುಗಳ ಮೇಲೆ ಬಿದ್ದು ಉರಿದರೂ ಸಾಕು. ಹೊಗೆಯ ಮಸಿ ಮೇಲಕ್ಕೇರಿ ವರ್ಷಗಟ್ಟಲೆ ನಿಲ್ಲುತ್ತದೆ, ಬಿಸಿಲು ಕಡಿಮೆಯಾಗುತ್ತದೆ, ಮುಂಗಾರು ಸೊರಗುತ್ತದೆ ಅಂತ ಹವಾಮಾನ ವಿಜ್ಞಾನಿ ಅಲನ್ ರೋಬಾಕ್ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಮೃಗಶಿರಾ ಮಳೆ ಕೈಕೊಟ್ಟರೆ ಬನವಾಸಿ ಕಡೆಯ ಗದ್ದೆಗಳು ಏನಾಗುತ್ತವೆ ಅಂತ ನಮಗೆ ಗೊತ್ತು. ಅದೇ ಸಾಲಾಗಿ ಐದಾರು ವರ್ಷ ಅಂದರೆ ಭತ್ತ ಎಲ್ಲಿ, ಅಡಿಕೆ ಎಲ್ಲಿ?

ಹಾಗಾದರೆ ನಮ್ಮನ್ನು ಕಾಯುವುದು ಏನು? ಕೈಗಾದ ಉದಾಹರಣೆ ಕೊಡುತ್ತೇನೆ. ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಅಂತ ಭಾರತ, ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಸಹಿ ಹಾಕಿವೆ. ಆಗ ಪೋಖ್ರಾನ್‌ನ ಎರಡನೇ ಪರೀಕ್ಷೆಗೆ ಇನ್ನೂ ಒಂಬತ್ತು ವರ್ಷಕ್ಕೂ ಹೆಚ್ಚು ಸಮಯ ಇತ್ತು. ಪ್ರತಿ ವರ್ಷ ಜನವರಿ 1ರಂದು ಎರಡೂ ದೇಶ ಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತವೆ. ಕಾರ್ಗಿಲ್ ಆದ ಮೇಲೂ ನಿಲ್ಲಲಿಲ್ಲ, ಮುಂಬೈ ದಾಳಿ ಆದ ಮೇಲೂ ನಿಲ್ಲಲಿಲ್ಲ. 2025ರ ಮೇ 10ರಂದು ಗುಂಡು ನಿಂತದ್ದು ಎರಡು ಸೇನೆಗಳ ಅಧಿಕಾರಿಗಳು ಫೋನಿನಲ್ಲಿ ಮಾತಾಡಿದ ಮೇಲೆ. ಇಂಥ ಕಾಗದ, ಇಂಥ ಫೋನ್ ಜಾಸ್ತಿ ಆಗಬೇಕು.

ಮೊದಲು ಆಗಬೇಕಾದ ಕೆಲಸವೂ ಕಣ್ಣೆದುರೇ ಇದೆ. ಕ್ಷಿಪಣಿ ಪರೀಕ್ಷೆಗೆ ಮುಂಚೆ ತಿಳಿಸುತ್ತೇವೆ ಅಂತ 2005ರಲ್ಲಿ ಎರಡೂ ದೇಶ ಒಪ್ಪಿವೆ. ಅದು ಎಸೆದ ಕಲ್ಲಿನಂತೆ ಮೇಲೇರಿ ಬಂದು ಬೀಳುವ ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ. ಬ್ರಹ್ಮೋಸ್‌ನಂಥ ವಿಮಾನದಂತೆ ಹಾರುವ ಕ್ರೂಸ್ ಕ್ಷಿಪಣಿಗಳು ಅದರಲ್ಲಿ ಇಲ್ಲ. ಅವನ್ನೂ ಸೇರಿಸಲಿ. ಇದಕ್ಕೆ ಯಾರೂ ಒಂದು ಬಾಂಬನ್ನೂ ಬಿಟ್ಟುಕೊಡಬೇಕಾಗಿಲ್ಲ.