ಮಂಡಕ್ಕಿಯವನಿಗೆ ಏನು ಬೇಕು?

ನಿನ್ನೆ ರಾತ್ರಿ ನನ್ನ ಕಾದಂಬರಿಯ ಫೈಲು ವಾಪಸ್ ಬಂತು. ಪುಟದ ಬಲಗಡೆಯೆಲ್ಲ ಬಣ್ಣಬಣ್ಣದ ಗುಳ್ಳೆ, ಗುಳ್ಳೆಗೊಂದು ಪ್ರಶ್ನೆ. ನನ್ನ ಅಕ್ಷರಗಳು ಸಂತೆ ದಿನದ ಬಸ್ಸಿನಲ್ಲಿ ಕಿಟಕಿಗೆ ಒತ್ತಿಕೊಂಡು ಕೂತ ಮುದುಕರ ಹಾಗೆ ಎಡಕ್ಕೆ ಸರಿದು ಕೂತಿದ್ದವು.

ಪ್ರಕಾಶಕರು ಮೊದಲೇ ಎಚ್ಚರಿಸಿದ್ದರು. "ಈಗೆಲ್ಲ ಹಂಗೇ ಅಚ್ಚಿಗೆ ಕಳ್ಸಲ್ಲ ಸರ್, ಡೆವಲಪ್‌ಮೆಂಟಲ್ ಎಡಿಟರ್ ಒಂದ್ಸಲ ನೋಡ್ತಾರೆ." ಡೆವಲಪ್‌ಮೆಂಟ್ ಅಂದರೆ ಮೊದಲು ಅಗೆಯುತ್ತಾರೆ ಅಂತ ದಾವಣಗೆರೆಯಲ್ಲಿ ಇರುವವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಾಗುಣಿತ, ಒತ್ತಕ್ಷರ ಇವರ ಕೆಲಸವಲ್ಲವಂತೆ. ಕರಡು ತಿದ್ದುವವರು ಬೇರೆ, ಅವರು ಕೊನೆಗೆ ಬರುತ್ತಾರೆ. ಇವರು ನೋಡುವುದು ಕಥೆ ಎಲ್ಲಿ ಶುರುವಾಗಬೇಕು, ಯಾವ ಅಧ್ಯಾಯ ಹಿಂದಕ್ಕೆ ಹೋಗಬೇಕು, ಯಾರು ಬೇಗ ಸಾಯಬೇಕು, ಯಾರು ಹುಟ್ಟಲೇಬಾರದಿತ್ತು ಅನ್ನುವುದನ್ನು. ಹಾಗಾಗಿ 'ನುಡಿ' ತಂತ್ರಾಂಶದಿಂದ ಯೂನಿಕೋಡಿಗೆ ಹಾಕುವಾಗ ಅರ್ಕಾವತ್ತುಗಳೆಲ್ಲ ಕೈಕಾಲು ಮುರಿದುಕೊಂಡು ಬಿದ್ದಿದ್ದರೂ ಅದರ ಬಗ್ಗೆ ಚಕಾರವಿಲ್ಲ.

ಆದರೆ 1983ರಲ್ಲಿ ನಡೆಯುವ ಕಥೆಯಲ್ಲಿ 'ಚಿತ್ರದುರ್ಗ ಜಿಲ್ಲೆಯ ದಾವಣಗೆರೆ' ಅಂತ ಬರೆದದ್ದಕ್ಕೆ ಮಾತ್ರ ಗುಳ್ಳೆ ಎದ್ದಿದೆ: 'ಜಿಲ್ಲೆ ತಪ್ಪಾಗಿದೆ, ಪರಿಶೀಲಿಸಿ.' 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವವರೆಗೂ ಡಿಸಿ ಆಫೀಸಿನ ಒಂದು ಸಹಿಗೆ ನಾವು ದುರ್ಗದ ಬಸ್ಸು ಹತ್ತುತ್ತಿದ್ದೆವು. ಪಾಪ, ಎಡಿಟರ್ ಮೇಡಂ ಆಗಿನ್ನೂ ಹುಟ್ಟಿರಲಿಕ್ಕಿಲ್ಲ. ಇರಲಿ.

ಇದನ್ನೆಲ್ಲ ತಡೆದುಕೊಳ್ಳಬಹುದು. ತಡೆದುಕೊಳ್ಳಲು ಆಗದ್ದು ಅವರ ಒಂದೇ ಪ್ರಶ್ನೆ: 'ಈ ಪಾತ್ರಕ್ಕೆ ಏನು ಬೇಕು?' ನಾಯಕನ ಬಗ್ಗೆ ಕೇಳಲಿ, ನಾಯಕಿಯ ಬಗ್ಗೆ ಕೇಳಲಿ. ಇವರು ಕಂಡಕ್ಟರನನ್ನೂ ಬಿಡುವುದಿಲ್ಲ. ದುರ್ಗಾಂಬಿಕಾ ಗುಡಿ ಮುಂದೆ ಹೂ ಕಟ್ಟುವ ಮುದುಕಿಯನ್ನೂ ಬಿಡುವುದಿಲ್ಲ. ಒಂಬತ್ತನೇ ಅಧ್ಯಾಯದಲ್ಲಿ ಸುಮ್ಮನೆ ರಸ್ತೆ ದಾಟುವ ಎಮ್ಮೆಯ ಪಕ್ಕದಲ್ಲೂ ಅದೇ ಗುಳ್ಳೆ.

ಮೊನ್ನೆ ಬೆಳಿಗ್ಗೆ ಬೆಣ್ಣೆದೋಸೆ ಹೋಟೆಲಿನಲ್ಲಿ ಕೂತಿದ್ದಾಗ ಮೇಡಂ ಫೋನು ಬಂತು. ಗಲಾಟೆಯಲ್ಲಿ ಕೇಳಿಸದೆ ಸ್ಪೀಕರಿಗೆ ಹಾಕಿದೆ.

"ಸರ್, ಮೂರನೇ ಅಧ್ಯಾಯದ ಮಂಡಕ್ಕಿಯವನು. ಅವನಿಗೆ ಏನು ಬೇಕು?"

"ಏನೂ ಬೇಡ ಮೇಡಂ. ನಾಲ್ಕು ಸಾಲಿಗೆ ಬರ್ತಾನೆ, ಮಂಡಕ್ಕಿ-ಮಿರ್ಚಿ ಕಟ್ಟಿ ಕೊಡ್ತಾನೆ, ಮುಗೀತು."

"ಏನೂ ಬೇಡದ ಮನುಷ್ಯ ಇರ್ತಾನಾ ಸರ್? ಇನ್ನೂ ಆಳಕ್ಕೆ ಹೋಗಿ. ಅವನ ಒಳಗೆ ಏನಿದೆ?"

ಅಷ್ಟರಲ್ಲಿ ಸಪ್ಲೈಯರ್ ಬಂದು ನಿಂತ. "ಏನ್ ಕೊಡ್ಲಿ ಸರ್?"

"ಖಾಲಿ," ಅಂದೆ, ಖಾಲಿ ದೋಸೆಗೆ.

ಫೋನಿಗೆ ಉಸಿರೇ ನಿಂತಂತಾಯಿತು. ಆಮೇಲೆ, "ವಾವ್! ಖಾಲಿ! ಸರ್, ಇದನ್ನೇ ನಿಮ್ಮ ಬಾಯಿಂದ ಹೊರಡಿಸೋಕೆ ನೋಡ್ತಿದ್ದೆ ನಾನು!"

"ಅಲ್ಲ ಮೇಡಂ, ಅದು..."

"ಬೆಣ್ಣೆ ಜಾಸ್ತಿ ಹಾಕ್ಸ್ಲಾ?" ಸಪ್ಲೈಯರ್ ಬಗ್ಗಿ ಕೇಳಿದ.

ಮೇಡಂಗೆ ಕೇಳಿಸಿದ್ದು 'ಜಾಸ್ತಿ' ಅನ್ನುವುದೊಂದೇ ಇರಬೇಕು. "ಬೇಡ ಬೇಡ, ಜಾಸ್ತಿ ಏನೂ ಹಾಕಬೇಡಿ! ಇದ್ದದ್ದನ್ನೂ ತೆಗೀರಿ. ಬರೀ ಖಾಲಿ ಇರಲಿ!"

ಸಪ್ಲೈಯರ್ ಸಂಭಾವಿತ. ಹೆಣ್ಣುಮಗಳ ಗದರುವ ದನಿ ಕೇಳಿ, ಮನೆಯವರೇ ಇರಬೇಕು, ಇವರಿಗೆ ಕೊಲೆಸ್ಟ್ರಾಲ್ ಇರಬೇಕು ಅಂತ ಎರಡೂ ಲೆಕ್ಕ ತಾನೇ ಹಾಕಿಕೊಂಡ. ನಾನು ಫೋನಿಗೆ ವಿವರಣೆ ಕೊಟ್ಟು ಮುಗಿಸುವಷ್ಟರಲ್ಲಿ ಒಣಗಿದ ಎರಡು ದೋಸೆ ತಂದಿಟ್ಟು, "ಆರೋಗ್ಯ ನೋಡ್ಕೊಳ್ರಿ ಸರ್," ಅಂದ. ದಾವಣಗೆರೆಯಲ್ಲೇ ಹುಟ್ಟಿ, ದಾವಣಗೆರೆಯಲ್ಲೇ ಕೂತು, ಬೆಣ್ಣೆಯಿಲ್ಲದ ದೋಸೆ ತಿಂದೆ. ಪಕ್ಕದ ಟೇಬಲ್ಲಿನವರು ಮರುಕದಿಂದ ನೋಡಿದರು. ಕಾದಂಬರಿಗೆ ಕತ್ತರಿ ಹಾಕಲಿ, ಒಪ್ಪಂದದಲ್ಲಿ ಇದೆ. ದೋಸೆಯ ಮಾತು ಎಲ್ಲೂ ಬಂದಿರಲಿಲ್ಲ.

ನನ್ನ ವಿವರಣೆಯೂ ತಲುಪಿಲ್ಲ. ನಿನ್ನೆಯ ಫೈಲಿನಲ್ಲಿ ಮಂಡಕ್ಕಿಯವನ ಪಕ್ಕ ಹೊಸ ಗುಳ್ಳೆ: 'ಫೋನಿನಲ್ಲಿ ನೀವೇ ಹೇಳಿದ ಖಾಲಿತನವನ್ನು ಎರಡು ಪುಟಕ್ಕೆ ಬೆಳೆಸಿ.'

ಐದನೇ ಅಧ್ಯಾಯಕ್ಕೆ ಅಡ್ಡಗೆರೆಯನ್ನೇ ಎಳೆದಿದ್ದಾರೆ. ಅದು ಹತ್ತಿ ಮಿಲ್ಲಿನ ಅಧ್ಯಾಯ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಳ್ಳುತ್ತಿದ್ದ ಊರಲ್ಲಿ ಕಾಯಂ ಆಳು ಬಾರದ ದಿನ ಮಾತ್ರ ಸಿಗುವ ಬದ್ಲಿ ಕೆಲಸಕ್ಕೆ ಸೇರಿ, ಕೊನೆಗೂ ಕಾಯಂ ಆಗಿ, ಆಮೇಲೆ ಮಿಲ್ಲೇ ಬಾಗಿಲು ಹಾಕಿದ್ದನ್ನು ಕಂಡ ಒಬ್ಬ ಅಪ್ಪನ ಕಥೆ. ಸೈರನ್ ನಿಂತುಹೋದ ಮೇಲೂ ಆ ಹೊತ್ತಿಗೆ ಸರಿಯಾಗಿ ಅಂಗಿ ಹಾಕಿಕೊಂಡು ಕಟ್ಟೆಗೆ ಬಂದು ಕೂರುತ್ತಾನೆ. ನಮ್ಮಪ್ಪ ಕೂರುತ್ತಿದ್ದ. 'ಇಲ್ಲಿ ಕಥೆ ನಿಂತುಬಿಟ್ಟಿದೆ. ಅಪ್ಪನಿಗೆ ಏನು ಬೇಕು?' ಅಂತ ಬರೆದಿದ್ದಾರೆ. ಕಥೆ ನಿಂತದ್ದು ಹೌದು, ನಮ್ಮನೆಯಲ್ಲೂ ನಿಂತೇ ಇತ್ತು. ಎರಡನೆಯದಕ್ಕೆ ಉತ್ತರ ಟೈಪ್ ಮಾಡಲು ಹೋಗಿ ಸುಮ್ಮನೆ ಕೂತೆ. ರೇಷನ್ನು, ಫೀಸು, ಅಕ್ಕನ ಮದುವೆ ಅಂತ ನಮಗೆ ಬೇಕಾದದ್ದನ್ನೆಲ್ಲ ಅಪ್ಪನ ಹತ್ತಿರ ಕೇಳಿದ್ದೆವು. ನಿನಗೇನು ಬೇಕಪ್ಪ ಅಂತ ಮನೆಯಲ್ಲಿ ಯಾರೂ ಕೇಳಿದ ನೆನಪಿಲ್ಲ. ಆ ಗುಳ್ಳೆ ಇನ್ನೂ ಹಾಗೇ ಇದೆ. ಅಧ್ಯಾಯವನ್ನು ಮಾತ್ರ ತೆಗೆಯುವುದಿಲ್ಲ ಅಂತ ಖಡಾಖಂಡಿತವಾಗಿ ಬರೆದು ಕಳಿಸಿದ್ದೇನೆ.

ಇವತ್ತು ಬೆಳಿಗ್ಗೆ ವಾಟ್ಸಾಪಿನಲ್ಲಿ ಉತ್ತರ ಬಂದಿದೆ. ಅಪ್ಪನ ಅಧ್ಯಾಯ ಇರಲಿ ಅಂತ ದೊಡ್ಡ ಮನಸ್ಸು ಮಾಡಿದ್ದಾರೆ. ಅದರ ಕೆಳಗೇ, "ಸರ್, ರಾತ್ರಿಯೆಲ್ಲ ಯೋಚಿಸಿದೆ. ಮಂಡಕ್ಕಿಯವನನ್ನೇ ನಾಯಕ ಮಾಡಿದರೆ ಹೇಗೆ?"

ಹದಿನೆಂಟನೇ ಅಧ್ಯಾಯಕ್ಕೆ ಮದುವೆ ಇಟ್ಟುಕೊಂಡು ಛತ್ರಕ್ಕೂ ಅಡ್ವಾನ್ಸ್ ಕೊಟ್ಟಿರುವ ನನ್ನ ಈಗಿನ ನಾಯಕನಿಗೆ ನಾನೀಗ ಏನಂತ ಹೇಳಲಿ?