ತಗಡಿನ ಮಳೆಯಲ್ಲಿ ಮೂಕಿ ಸಿನಿಮಾ

ನಮ್ಮ ಶಿರಸಿ ಕಡೆ ಜುಲೈ ತಿಂಗಳಲ್ಲಿ ಟಿವಿ ನೋಡುವುದೆಂದರೆ ಮೂಕಿ ಚಿತ್ರ ನೋಡಿದ ಹಾಗೇ. ಜಗಲಿಯ ತಗಡಿನ ಮೇಲೆ ಮಳೆ ಹೊಡೆಯಲು ಶುರುವಾದರೆ, ವಾಲ್ಯೂಮ್ ಪೂರ್ತಿ ಏರಿಸಿದರೂ ಒಂದಕ್ಷರ ಕೇಳುವುದಿಲ್ಲ. ಹೀಗೇ ಒಂದು ಸಿನಿಮಾ ನೋಡುತ್ತಿದ್ದೆವು. ನಾಯಕ ಕಿಟಕಿ ಹತ್ತಿರ ನಿಂತು ಮುಖ ಕಿವುಚುತ್ತಿದ್ದ. ಆಯಿ ಕೇಳಿದಳು, "ಅವಂಗೆ ಎಂತಾ, ಹೊಟ್ಟೆನೋವನಾ?"

ಮಳೆ ತಗ್ಗಿದಾಗ ಗೊತ್ತಾಯಿತು, ಅದು ವಿರಹ. ಹಿಂದಿನಿಂದ ಪಿಟೀಲು ಕುಯ್ಯುತ್ತಿತ್ತು. ಅಳುವ ಕೆಲಸ ಪೂರ್ತಿ ಅದರದ್ದೇ, ಪಾಪ.

ಅಪ್ಪಯ್ಯನಿಗೆ ಸಿನಿಮಾ ಅಷ್ಟಕ್ಕಷ್ಟೇ. ಅವನದೇನಿದ್ದರೂ ಯಕ್ಷಗಾನದ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ಕರ್ಣಭೇದನ ಪ್ರಸಂಗದಲ್ಲಿ ಹುಟ್ಟಿನ ಗುಟ್ಟು ತಿಳಿದ ಕರ್ಣ, ಪಾತ್ರದ ಮಾತಾಡುವ ಒಳ್ಳೆ ಅರ್ಥಧಾರಿ ಸಿಕ್ಕರೆ, ಮನಸ್ಸಿನ ಒಂದೊಂದು ಪದರವನ್ನೂ ಬಿಡಿಸಿ ಹೇಳುತ್ತಾನೆ, ಕೇಳುವವರು ಕವಳ ಉಗಿಯುವುದಕ್ಕೂ ಏಳುವುದಿಲ್ಲ. ಸಿನಿಮಾದಲ್ಲಿ ಯಾರಾದರೂ ಹಾಗೆ ಮಾತಾಡಿದರೆ ನಾನಂತೂ ರಿಮೋಟ್ ಹುಡುಕುತ್ತೇನೆ.

ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು 100 ವರ್ಷದ ಹಿಂದೆ ಒಂದು ಕಿತಾಪತಿ ಮಾಡಿದ್ದ. ಒಬ್ಬ ನಟನ ಸಪ್ಪೆ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಅಂಟಿಸಿದ. ನೋಡಿದವರಿಗೆ ಮೊದಲನೆಯದರಲ್ಲಿ ಹಸಿವು ಕಂಡಿತಂತೆ, ಎರಡನೆಯದರಲ್ಲಿ ದುಃಖ. ಎಂಥಾ ನಟನೆ ಅಂತ ಹೊಗಳಿದರಂತೆ ಬೇರೆ! ಆ ನಟನೂ ಹೊಟ್ಟೆನೋವಿನ ಮುಖ ಮಾಡಿದ್ದರೆ ಈ ಆಟ ನಡೆಯುತ್ತಿರಲಿಲ್ಲ, ಅಲ್ವಾ? ಅವನು ಸುಮ್ನೆ ಇದ್ದ, ಹಸಿವೂ ದುಃಖವೂ ನೋಡುವವರೇ ತಂದು ಹಾಕಿದ್ದು.

ಕೆಲಸ ಸಿಕ್ಕಿ ತಮ್ಮ ಬೆಂಗಳೂರಿಗೆ ಹೊರಟ ರಾತ್ರಿ ಅಪ್ಪಯ್ಯ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಬಾಯಲ್ಲಿ ಚಾಲಿ ಅಡಿಕೆ ರೇಟಿನದೇ ಮಾತು. ನಡುನಡುವೆ ತಮ್ಮನ ಬ್ಯಾಗು ಎಣಿಸುತ್ತಿದ್ದ. ಇದ್ದದ್ದು ಮೂರು, ಎಷ್ಟು ಸಲ ಎಣಿಸಿದರೂ ಮೂರೇ. ಆಗ ಕ್ಯಾಮೆರಾ ಇದ್ದಿದ್ದರೆ ಅಪ್ಪಯ್ಯನ ಮುಖದ ಹತ್ತಿರ ಹೋಗುವುದು ದಂಡ, ಅಲ್ಲಿ ಏನೂ ಇರಲಿಲ್ಲ. ಬ್ಯಾಗಿನಿಂದ ಬ್ಯಾಗಿಗೆ ಓಡಾಡುವ ಆ ತೋರುಬೆರಳು, ಅಡಿಕೆ ಚೊಗರಿಗೆ ಕಪ್ಪಾದ ಉಗುರು, ಅಷ್ಟು ಸಾಕಿತ್ತು.

ಬಸ್ಸು ಹೊರಟಿತು. ಅಪ್ಪಯ್ಯ ಕೈ ಬೀಸಲಿಲ್ಲ. ಬಸ್ ಸ್ಟ್ಯಾಂಡಿನ ಮಾಡಿನ ಕೆಳಗೇ ಕೊಡೆ ಬಿಚ್ಚಿದ, ನನ್ನ ಮುಖ ನೋಡಿ ಮತ್ತೆ ಮಡಚಿದ.

"ಚಾಲಿ ಇನ್ನೂ ಏರ್ತು ಕಾಣ್ತು" ಅಂದ.